ಗ್ಯಾಲಕ್ಸಿಯ ಸುತ್ತಲಿನ ಬಿಸಿ ಮತ್ತು ತಂಪು ಅನಿಲವನ್ನು ಕಂಪ್ಯೂಟರಿನಲ್ಲಿ ಕಡೆಯುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಚಿತ್ರಗಳಲ್ಲಿ ನಾವು ನೋಡುವ ನಕ್ಷತ್ರಗಳ ತಟ್ಟೆಯು ಗ್ಯಾಲಕ್ಸಿಯ ಒಟ್ಟು ವಿಸ್ತಾರದಲ್ಲಿ ಸಣ್ಣ ಪಾಲು ಮಾತ್ರ. ನಮ್ಮ ಕ್ಷೀರಪಥದ ತಟ್ಟೆಯ ತ್ರಿಜ್ಯ ಸುಮಾರು 15 ಕಿಲೋಪಾರ್ಸೆಕ್ ಆದರೆ, ಅದರ ಗುರುತ್ವದ ಹಿಡಿತದಲ್ಲಿರುವ ಅನಿಲದ ಹೊದಿಕೆ 200 ಕಿಲೋಪಾರ್ಸೆಕ್‌ವರೆಗೂ ಚಾಚಿಕೊಂಡಿದೆ. ಒಂದು ಕಿಲೋಪಾರ್ಸೆಕ್ ಎಂದರೆ ಸುಮಾರು 3,260 ಜ್ಯೋತಿರ್ವರ್ಷ. ತಟ್ಟೆಯಿಂದ ಬಹಳ ಮೇಲೆ ಕಂಡುಬಂದ ತಂಪು ಮೋಡಗಳು ಚದುರಿಹೋಗದೆ ಉಳಿಯಬೇಕಾದರೆ ಅವುಗಳನ್ನು ಸುತ್ತಲಿಂದ ಒತ್ತಿ ಹಿಡಿಯುವ, ಸುಮಾರು 10 ಲಕ್ಷ ಡಿಗ್ರಿ ಬಿಸಿಯ ತೆಳುವಾದ ಅನಿಲ ಇರಲೇಬೇಕು ಎಂದು ಖಗೋಳವಿಜ್ಞಾನಿ ಲೈಮನ್ ಸ್ಪಿಟ್ಜರ್ 1956ರಲ್ಲಿಯೇ ವಾದಿಸಿದ್ದರು. 2009ರಲ್ಲಿ ಹಬಲ್ ದೂರದರ್ಶಕಕ್ಕೆ ಕಾಸ್ಮಿಕ್ ಒರಿಜಿನ್ಸ್ ಸ್ಪೆಕ್ಟ್ರೋಗ್ರಾಫ್ ಅಳವಡಿಸಿದ ಮೇಲೆ ಈ ಚಿತ್ರ ಇನ್ನಷ್ಟು ಜಟಿಲವಾಯಿತು. ಹಿನ್ನೆಲೆಯ ಕ್ವೇಸಾರ್‌ನ, ಅಂದರೆ ಬಹುದೂರದ ಅತಿ ಪ್ರಕಾಶಮಾನವಾದ ಗ್ಯಾಲಕ್ಸಿ ಕೇಂದ್ರದ, ಬೆಳಕು ಗ್ಯಾಲಕ್ಸಿಯ ಹೊದಿಕೆಯನ್ನು ಹಾದು ಬರುವಾಗ, 10,000 ಡಿಗ್ರಿಯ ಅನಿಲದ ಗುರುತುಗಳೂ, ಐದು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕದ ಗುರುತುಗಳೂ ಒಂದೇ ದೃಷ್ಟಿರೇಖೆಯ ಮೇಲೆ ಒಟ್ಟಿಗೆ ಸಿಗತೊಡಗಿದವು.

ಅಷ್ಟು ಬಿಸಿಯಾದ ಅನಿಲದ ನಡುವೆ ಅಷ್ಟು ತಂಪಾದ ತುಣುಕುಗಳು ಹುಟ್ಟುವುದು ಹೇಗೆ ಮತ್ತು ಹುಟ್ಟಿದ ಮೇಲೆ ಕದಡಿ ಮಾಯವಾಗದೆ ಉಳಿಯುವುದು ಹೇಗೆ ಎಂಬ ಪ್ರಶ್ನೆಯನ್ನು ನಿಮ್ಮದೇ ಕಂಪ್ಯೂಟರಿನಲ್ಲಿ ಕೈಯಾರೆ ಪರೀಕ್ಷಿಸಲು ಈ ಬರಹ ನೆರವಾಗುತ್ತದೆ. ಇಡೀ ಗ್ಯಾಲಕ್ಸಿಯನ್ನು ನಾವಿಲ್ಲಿ ಕಟ್ಟುವುದಿಲ್ಲ. ಹೊದಿಕೆಯ ಒಂದು ಘನಾಕಾರದ ತುಂಡನ್ನು ಕತ್ತರಿಸಿಕೊಂಡು, ಅದರ ಎದುರು ಬದುರಿನ ಗೋಡೆಗಳನ್ನು ಒಂದಕ್ಕೊಂದು ಜೋಡಿಸಿ, ಅಂದರೆ ಬಲಗಡೆ ಹೊರಹೋದ ಅನಿಲ ಎಡಗಡೆಯಿಂದ ಒಳಬರುವಂತೆ ಮಾಡಿ, ಅದರೊಳಗಿನ ಅನಿಲವನ್ನು ಕಡೆಯುತ್ತೇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರತೀಕ್ ಶರ್ಮಾ ಮತ್ತು ಅವರ ವಿದ್ಯಾರ್ಥಿಗಳು ಇಂಥ ಪೆಟ್ಟಿಗೆಗಳ ಮೇಲೆ ಸಾಕಷ್ಟು ಕೆಲಸ ಮಾಡಿದ್ದಾರೆ. ಓದುಗರಿಗೆ ಸಿ ಪ್ಲಸ್ ಪ್ಲಸ್ ಮತ್ತು ಪೈಥಾನ್ ಭಾಷೆಗಳ ಪರಿಚಯವೂ, ದ್ರವಚಲನೆಯ ಮೂರು ಸಂರಕ್ಷಣಾ ಸಮೀಕರಣಗಳ ತಿಳಿವಳಿಕೆಯೂ ಇದೆ ಎಂದು ಭಾವಿಸಿದ್ದೇನೆ.

ಕೋಡ್ ಮುಟ್ಟುವ ಮೊದಲು: ಎರಡು ಗಡಿಯಾರಗಳು

ಹೊಸಬರು ಸಾಮಾನ್ಯವಾಗಿ ಕೋಡ್ ಇಳಿಸಿಕೊಳ್ಳುವುದರಿಂದ ಆರಂಭಿಸುತ್ತಾರೆ. ನಾನು ಕಾಗದ ಪೆನ್ನಿನಿಂದ ಆರಂಭಿಸಿ ಎನ್ನುತ್ತೇನೆ, ಏಕೆಂದರೆ ಈ ಸಿಮ್ಯುಲೇಶನ್‌ನಲ್ಲಿ ನಡೆಯುವುದೆಲ್ಲ ಎರಡು ಕಾಲಾವಧಿಗಳ ನಡುವಿನ ಪೈಪೋಟಿ. ಅನಿಲ ತನ್ನ ಶಾಖವನ್ನು ಬೆಳಕಾಗಿ ಹೊರಸೂಸಿ ತಣಿಯಲು ಹಿಡಿಯುವ ಕಾಲ ಒಂದು; ಪ್ರಕ್ಷುಬ್ಧ ಸುಳಿಗಳು ಬಿಸಿ ಮತ್ತು ತಂಪನ್ನು ಕದಡಿ ಒಂದಾಗಿಸಲು ಹಿಡಿಯುವ ಕಾಲ ಇನ್ನೊಂದು. ಮೊದಲನೆಯದು ತೀರ ದೀರ್ಘವಾದರೆ ತಂಪು ತುಣುಕು ಹುಟ್ಟುವ ಮೊದಲೇ ಕದಡಿಹೋಗುತ್ತದೆ, ತೀರ ಚಿಕ್ಕದಾದರೆ ಪೆಟ್ಟಿಗೆಯ ಬಹುಪಾಲು ಅನಿಲ ಕುಸಿದು ತಣ್ಣಗಾಗಿ ಕೂರುತ್ತದೆ. ಆಸಕ್ತಿಯ ಸಂಗತಿಗಳೆಲ್ಲ ಇವೆರಡೂ ಹತ್ತಿರಹತ್ತಿರ ಇರುವಾಗ ನಡೆಯುತ್ತವೆ.

ಸಂಖ್ಯೆಗಳನ್ನು ಹಾಕಿ ನೋಡೋಣ. ತಾಪಮಾನ 10 ಲಕ್ಷ ಕೆಲ್ವಿನ್, ಘನ ಸೆಂಟಿಮೀಟರಿಗೆ ಒಟ್ಟು 0.001 ಕಣ, ಭಾರವಾದ ಧಾತುಗಳ ಪ್ರಮಾಣ ಸೂರ್ಯನಲ್ಲಿರುವುದರ ಮೂರನೆಯ ಒಂದು ಭಾಗ ಎಂದಿಟ್ಟುಕೊಳ್ಳಿ. ಈ ಸ್ಥಿತಿಯಲ್ಲಿ ತಣಿವಿನ ಗುಣಾಂಕ, ಅಂದರೆ ಅನಿಲ ಎಷ್ಟು ಬೇಗ ಶಕ್ತಿ ಹೊರಸೂಸುತ್ತದೆಂಬುದರ ಅಳತೆ, ಸುಮಾರು 5×10⁻²³ ಅರ್ಗ್ ಘನ ಸೆಂಟಿಮೀಟರ್ ಪ್ರತಿ ಸೆಕೆಂಡ್ ಎಂದು ತೆಗೆದುಕೊಳ್ಳಬಹುದು. ಅನಿಲದ ಉಷ್ಣಶಕ್ತಿಯನ್ನು ಅದು ಶಕ್ತಿ ಕಳೆದುಕೊಳ್ಳುವ ದರದಿಂದ ಭಾಗಿಸಿದರೆ ತಣಿಯುವ ಕಾಲ ಸುಮಾರು 57 ಕೋಟಿ ವರ್ಷ ಎಂದು ಬರುತ್ತದೆ. ಇದೇ ಅನಿಲದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 150 ಕಿಲೋಮೀಟರ್. ಪೆಟ್ಟಿಗೆಯ ಬದಿ 40 ಕಿಲೋಪಾರ್ಸೆಕ್, ದೊಡ್ಡ ಸುಳಿಯ ಗಾತ್ರ ಅದರ ಅರ್ಧ, ಅದರ ವೇಗ ಶಬ್ದದ ಅರ್ಧ, ಅಂದರೆ ಸೆಕೆಂಡಿಗೆ 75 ಕಿಲೋಮೀಟರ್ ಎಂದಾದರೆ ಸುಳಿ ಒಮ್ಮೆ ಮಗುಚಲು ಸುಮಾರು 26 ಕೋಟಿ ವರ್ಷ ಬೇಕು. ಎರಡು ಕಾಲಗಳ ಅನುಪಾತ 2ರ ಸಮೀಪ. ಆರಂಭಿಸಲು ಒಳ್ಳೆಯ ಜಾಗ. ಮುಂದೆ ಸಾಂದ್ರತೆಯನ್ನು ಅರ್ಧಕ್ಕಿಳಿಸಿಯೋ ದುಪ್ಪಟ್ಟು ಮಾಡಿಯೋ ಈ ಅನುಪಾತವನ್ನು ಮೇಲೆ ಕೆಳಗೆ ಸರಿಸಿದರೆ ನಿಮ್ಮ ಪ್ರಯೋಗಮಾಲೆ ಸಿದ್ಧವಾದಂತೆಯೇ.

ಕೋಡ್ ಮತ್ತು ಯಂತ್ರ

ಅನಿಲದ ಹರಿವನ್ನು ಲೆಕ್ಕಹಾಕುವ ಕೋಡ್‌ಗಳಾದ ಅಥೀನಾ ಪ್ಲಸ್ ಪ್ಲಸ್, ಪ್ಲೂಟೊ, ಫ್ಲ್ಯಾಶ್ ಇವು ಮೂರೂ ಈ ಕೆಲಸಕ್ಕೆ ಸಲ್ಲುತ್ತವೆ. ಕಲಿಯಲು ನಾನು ಅಥೀನಾವನ್ನು ಆರಿಸಿಕೊಳ್ಳುತ್ತೇನೆ: ಅದು ಮುಕ್ತ ತಂತ್ರಾಂಶ, ಪ್ರಕ್ಷುಬ್ಧತೆಯನ್ನು ಕಡೆಯುವ ಭಾಗ ಅದರಲ್ಲಿ ಮೊದಲೇ ಇದೆ, ಮತ್ತು ತಣಿವು, ಕಾಯಿಸುವಿಕೆಗಳಂಥ ಹೊಸ ಭೌತಿಕ ಪ್ರಕ್ರಿಯೆಗಳನ್ನು ಮೂಲ ಕೋಡನ್ನು ಕೆದಕದೆ, ಬಳಕೆದಾರರು ಬರೆಯುವ ಸಮಸ್ಯೆಯ ಕಡತದಲ್ಲೇ ಒಂದು ಫಂಕ್ಷನ್ ಆಗಿ ಬರೆದು ನೋಂದಾಯಿಸಬಹುದು. ಕಂಪೈಲ್ ಮಾಡುವಾಗ ಕಡೆಯುವ ಅಲೆಗಳನ್ನು ಲೆಕ್ಕಹಾಕುವ ಎಫ್‌ಎಫ್‌ಟಿ ಗ್ರಂಥಾಲಯವನ್ನೂ ಫಲಿತಾಂಶಗಳನ್ನು ಫೈಲಿಗೆ ಬರೆಯುವ ಎಚ್‌ಡಿಎಫ್5 ಗ್ರಂಥಾಲಯವನ್ನೂ ಸೇರಿಸಿಕೊಳ್ಳಿ. ಕೋಡ್ ಪೆಟ್ಟಿಗೆಯನ್ನು ಕೋಶಗಳೆಂಬ ಪುಟ್ಟ ಘನಗಳಾಗಿ ಹೋಳು ಮಾಡುತ್ತದೆ; ಪಕ್ಕಪಕ್ಕದ ಕೋಶಗಳ ನಡುವೆ ಎಷ್ಟು ಅನಿಲ ದಾಟುತ್ತದೆಂಬ ಲೆಕ್ಕವನ್ನು, ಅಂದರೆ ರೀಮಾನ್ ಸಮಸ್ಯೆಯನ್ನು, ಬಿಡಿಸಲು ಎಚ್‌ಎಲ್‌ಎಲ್‌ಸಿ ವಿಧಾನವನ್ನು ಆರಿಸಿ, ಏಕೆಂದರೆ ಅದರ ಸರಳ ರೂಪವಾದ ಎಚ್‌ಎಲ್‌ಎಲ್‌ಇ ಬಿಸಿ ಮತ್ತು ತಂಪಿನ ನಡುವಿನ ಗಡಿಯನ್ನು ವಿನಾಕಾರಣ ಮಸುಕುಗೊಳಿಸುತ್ತದೆ, ಮತ್ತು ನಮಗೆ ಬೇಕಾಗಿರುವುದೇ ಆ ಗಡಿ.

ಯಂತ್ರದ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಬೇಕು. ಪ್ರತಿ ಬದಿಗೆ 256 ಕೋಶಗಳಾದರೆ ಒಟ್ಟು 1 ಕೋಟಿ 68 ಲಕ್ಷ ಕೋಶ, ಒಂದು ಕೋಶದ ಅಗಲ 156 ಪಾರ್ಸೆಕ್. ಮಾಹಿತಿಯು ಒಂದು ಹೆಜ್ಜೆಯಲ್ಲಿ ಒಂದು ಕೋಶವನ್ನು ದಾಟಬಾರದೆಂಬ ಕೂರಂಟ್ ನಿಯಮದ ಪ್ರಕಾರ, ಗುಣಾಂಕ 0.3 ಎಂದಾದರೆ, ಒಂದು ಕಾಲಹೆಜ್ಜೆ ಸುಮಾರು 2 ಲಕ್ಷ ವರ್ಷ. 200 ಕೋಟಿ ವರ್ಷ ಓಡಿಸಲು 10,000 ಹೆಜ್ಜೆ ಬೇಕು. ಒಂದು ಕೋರ್ ಸೆಕೆಂಡಿಗೆ 10 ಲಕ್ಷ ಕೋಶಗಳನ್ನು ಮುಂದೂಡುತ್ತದೆ ಎಂದುಕೊಂಡರೆ ಬರಿಯ ಹರಿವಿಗೆ 47 ಕೋರ್–ಗಂಟೆ ಸಾಕು. ತಣಿವು ಮತ್ತು ಕಡೆತ ಸೇರಿದಾಗ ಅದು ಹಲವು ಪಟ್ಟಾಗುತ್ತದೆ. 16 ಕೋರ್‌ಗಳ ವರ್ಕ್‌ಸ್ಟೇಶನ್‌ನಲ್ಲಿ ಇದು ಒಂದು ರಾತ್ರಿಯ ಕೆಲಸ. ಕೋಶದ ಅಗಲವನ್ನು ಅರ್ಧ ಮಾಡಿದರೆ ಕೋಶಗಳು 8 ಪಟ್ಟು, ಹೆಜ್ಜೆಗಳು 2 ಪಟ್ಟು, ಒಟ್ಟು ವೆಚ್ಚ 16 ಪಟ್ಟು ಆಗುತ್ತದೆ. ಅಲ್ಲಿಂದ ಮುಂದಕ್ಕೆ ಪರಮ್ ಪ್ರವೇಗದಂಥ ಯಂತ್ರವೇ ಬೇಕಾದೀತು. 2022ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನೆಲೆಗೊಂಡ ಈ ಮಹಾಗಣಕದ ಸಾಮರ್ಥ್ಯ 3.3 ಪೆಟಾಫ್ಲಾಪ್, ಅಂದರೆ ಸೆಕೆಂಡಿಗೆ 3.3×10¹⁵ ಲೆಕ್ಕಗಳು.

ಹಂತ 1: ತಣಿವಿಲ್ಲದೆ ಕಡೆಯಿರಿ

ಮೊದಲು ಪ್ರತಿ ಬದಿಗೆ 64 ಕೋಶಗಳ ಪುಟ್ಟ ಪೆಟ್ಟಿಗೆಯಲ್ಲಿ ಏಕರೂಪದ, ನಿಶ್ಚಲ ಅನಿಲವನ್ನಿಟ್ಟು ಪ್ರಕ್ಷುಬ್ಧತೆಯನ್ನು ಮಾತ್ರ ಎಬ್ಬಿಸಿ. ಬಲವನ್ನು ದೊಡ್ಡ ಅಲೆಗಳಿಗಷ್ಟೇ, ಅಂದರೆ ಪೆಟ್ಟಿಗೆಯಲ್ಲಿ ಒಂದರಿಂದ ಮೂರು ಬಾರಿ ಹಿಡಿಸುವ ಅಲೆಯುದ್ದಗಳಿಗಷ್ಟೇ ಕೊಡಬೇಕು. ಸಣ್ಣ ಸುಳಿಗಳು ದೊಡ್ಡವುಗಳು ಒಡೆದು ತಾವಾಗಿಯೇ ಹುಟ್ಟಬೇಕೇ ಹೊರತು ನಾವು ಕೈಹಾಕಿ ಹುಟ್ಟಿಸಬಾರದು. ಬಲವು ಪ್ರತಿ ಹೆಜ್ಜೆಗೂ ದಿಕ್ಕೆಟ್ಟು ಬದಲಾಗಬಾರದು, ಸದಾ ಒಂದೇ ಆಗಿಯೂ ಇರಬಾರದು. ಆರ್ನ್‌ಸ್ಟೈನ್–ಊಲೆನ್‌ಬೆಕ್ ಪ್ರಕ್ರಿಯೆಯು ಹಳೆಯ ಬಲದ ನೆನಪನ್ನು ನಿಧಾನವಾಗಿ ಮರೆಯುತ್ತ ಹೊಸ ಯಾದೃಚ್ಛಿಕ ಅಂಶವನ್ನು ಬೆರೆಸುತ್ತ ಹೋಗುತ್ತದೆ. ಆ ನೆನಪಿನ ಅವಧಿಯನ್ನು ಸುಳಿ ಮಗುಚುವ ಕಾಲಕ್ಕೆ ಸಮನಾಗಿಡಿ.

ಅಥೀನಾದಲ್ಲಿ ವೇಗವನ್ನು ನೇರವಾಗಿ ಹೇಳಲಾಗದು, ಶಕ್ತಿ ತುಂಬುವ ದರವನ್ನು ಕೊಡಬೇಕು. ಸಾಂದ್ರತೆಯನ್ನು ವೇಗದ ಘನದಿಂದ ಗುಣಿಸಿ ಸುಳಿಯ ಗಾತ್ರದಿಂದ ಭಾಗಿಸಿದರೆ ಆ ದರದ ಅಂದಾಜು ಸಿಗುತ್ತದೆ. ನಮ್ಮ ಸಂಖ್ಯೆಗಳಿಗೆ ಅದು ಘನ ಸೆಂಟಿಮೀಟರಿಗೆ ಸೆಕೆಂಡಿಗೆ ಸುಮಾರು 7×10⁻³⁰ ಅರ್ಗ್. ಬಲವನ್ನು ಸುತ್ತಿಸುವ ಭಾಗ ಮತ್ತು ಹಿಂಡುವ ಭಾಗ ಎಂದು ಎರಡಾಗಿ ಬೇರ್ಪಡಿಸಬಹುದು. ಮೊದಲ ಓಟಕ್ಕೆ ಸುತ್ತಿಸುವ ಭಾಗವನ್ನಷ್ಟೇ ಇಟ್ಟುಕೊಳ್ಳಿ. ಹಿಂಡುವ ಬಲ ಅನಿಲವನ್ನು ನೇರವಾಗಿ ಒತ್ತಿ ದಟ್ಟವಾಗಿಸುವುದರಿಂದ ತಂಪು ಅನಿಲದ ಹುಟ್ಟನ್ನು ಬೇಗ ಪ್ರಚೋದಿಸುತ್ತದೆ, ಆಗ ಯಾವುದು ಯಾವುದರ ಪರಿಣಾಮವೆಂದು ಬಿಡಿಸಿ ಹೇಳುವುದು ಕಷ್ಟವಾಗುತ್ತದೆ.

ಮೂರು ನಾಲ್ಕು ಮಗುಚುವಿಕೆಗಳ ನಂತರ ವೇಗ ಒಂದು ಮಟ್ಟಕ್ಕೆ ಬಂದು ನಿಲ್ಲಬೇಕು. ಪೆಟ್ಟಿಗೆಯ ಒಟ್ಟು ಸಂವೇಗ ಸೊನ್ನೆಯಾಗಿಯೇ ಇದೆಯೇ ನೋಡಿ. ಇಲ್ಲದಿದ್ದರೆ ಇಡೀ ಅನಿಲ ಒಂದು ಕಡೆಗೆ ತೇಲುತ್ತಿರುತ್ತದೆ, ಆ ತೇಲುವಿಕೆಯನ್ನು ನೀವು ಪ್ರಕ್ಷುಬ್ಧತೆ ಎಂದು ಎಣಿಸಿಬಿಡುತ್ತೀರಿ.

ಹಂತ 2: ಕಡೆಯದೆ ತಣಿಸಿ

ಈಗ ಬಲವನ್ನು ನಿಲ್ಲಿಸಿ, ತಣಿವನ್ನು ಮಾತ್ರ ಸೇರಿಸಿ. ತಣಿವಿನ ವಕ್ರರೇಖೆಗೆ ಸದರ್ಲ್ಯಾಂಡ್ ಮತ್ತು ಡೊಪಿಟಾ 1993ರಲ್ಲಿ ಪ್ರಕಟಿಸಿದ ಕೋಷ್ಟಕ ಇಂದಿಗೂ ಬಳಕೆಯಲ್ಲಿದೆ. ಆ ವಕ್ರರೇಖೆಯ ಆಕಾರವೇ ಈ ಕಥೆಯ ಮುಖ್ಯ ಪಾತ್ರ: ಅದು 1 ಲಕ್ಷ ಡಿಗ್ರಿಯಿಂದ ಸ್ವಲ್ಪ ಮೇಲೆ ತುತ್ತತುದಿಗೇರಿ, ಅಲ್ಲಿಂದ 1 ಕೋಟಿ ಡಿಗ್ರಿಯವರೆಗೆ ತಾಪಮಾನ ಏರಿದಂತೆ ಇಳಿಯುತ್ತದೆ, ಆ ಇಳಿಜಾರನ್ನು ಸರಿಸುಮಾರು ತಾಪಮಾನದ −0.7ನೆಯ ಘಾತ ಎನ್ನಬಹುದು. ಇದರ ಅರ್ಥವನ್ನು ಒಂದು ಹನಿಯಲ್ಲಿ ನೋಡೋಣ. ಒತ್ತಡ ಬದಲಾಗದೆ ಒಂದು ತುಣುಕು ಸುತ್ತಲಿನದಕ್ಕಿಂತ 10% ದಟ್ಟವಾಯಿತು ಎಂದರೆ ಅದರ ತಾಪಮಾನ ಅಷ್ಟೇ ಅನುಪಾತದಲ್ಲಿ ಇಳಿದಿರುತ್ತದೆ. ತಣಿವಿನ ದರ ಸಾಂದ್ರತೆಯ ವರ್ಗಕ್ಕೆ ಅನುಗುಣವಾದ್ದರಿಂದ ಅದೊಂದರಿಂದಲೇ 21% ಹೆಚ್ಚಿತು; ತಾಪಮಾನ ಇಳಿದದ್ದರಿಂದ ಗುಣಾಂಕವೂ 7% ಹೆಚ್ಚಿತು; ಎರಡೂ ಸೇರಿ 29%. ಹೆಚ್ಚು ತಣಿದದ್ದು ಇನ್ನಷ್ಟು ಕುಗ್ಗುತ್ತದೆ, ಕುಗ್ಗಿದ್ದು ಇನ್ನಷ್ಟು ತಣಿಯುತ್ತದೆ. ಜಾರ್ಜ್ ಫೀಲ್ಡ್ 1965ರಲ್ಲಿ ಗಣಿತದಲ್ಲಿ ಬಿಡಿಸಿ ತೋರಿಸಿದ ಉಷ್ಣ ಅಸ್ಥಿರತೆ ಇದೇ.

ನಿಮ್ಮ ತಣಿವಿನ ಫಂಕ್ಷನ್ ಸರಿಯಿದೆಯೇ ಎಂದು ಪರೀಕ್ಷಿಸಲು ಕೋಷ್ಟಕದ ಬದಲು ಶುದ್ಧ −0.7 ಘಾತವನ್ನು ಹಾಕಿ ಏಕರೂಪದ ಅನಿಲವನ್ನು ತಣಿಯಲು ಬಿಡಿ. ಕುಗ್ಗಲು ಜಾಗವಿಲ್ಲದ ಈ ಪೆಟ್ಟಿಗೆಯಲ್ಲಿ ತಾಪಮಾನ ಆರಂಭದ ತಣಿಯುವ ಕಾಲದ 1/1.7 ಭಾಗದಲ್ಲಿ, ಅಂದರೆ 0.59 ಪಟ್ಟು ಕಾಲದಲ್ಲಿ ನೆಲಕ್ಕೆ ಬೀಳಬೇಕು ಎಂದು ಕೈಲೆಕ್ಕ ಹೇಳುತ್ತದೆ. ನಮ್ಮ ಅನಿಲಕ್ಕೆ ಅದು ಸುಮಾರು 34 ಕೋಟಿ ವರ್ಷ. ನಿಮ್ಮ ಕೋಡ್ 40 ಕೋಟಿ ಎಂದರೆ ಏಕಮಾನದಲ್ಲಿಯೋ, ಒಟ್ಟು ಕಣಗಳ ಸಂಖ್ಯೆಯನ್ನೂ ಹೈಡ್ರೋಜನ್ ಸಂಖ್ಯೆಯನ್ನೂ ಬೆರೆಸಿದ್ದರಲ್ಲಿಯೋ ತಪ್ಪು ನುಸುಳಿದೆ. ಈ ಎರಡನೆಯ ತಪ್ಪು ಎಷ್ಟು ಸಾಮಾನ್ಯವೆಂದರೆ ನಾನು ಈಗಲೂ ಅದನ್ನು ಮೊದಲು ಹುಡುಕುತ್ತೇನೆ.

ತಣಿವಿನ ಹೆಜ್ಜೆ ಹರಿವಿನ ಹೆಜ್ಜೆಗಿಂತ ಬಹಳ ಚಿಕ್ಕದಾಗಬಹುದು. ದಟ್ಟವಾದ 20,000 ಡಿಗ್ರಿಯ ಅನಿಲಕ್ಕೆ ತಣಿಯಲು ಕೆಲವು ಹತ್ತು ಸಾವಿರ ವರ್ಷ ಸಾಕು, ನಮ್ಮ ಹರಿವಿನ ಹೆಜ್ಜೆಯೋ 2 ಲಕ್ಷ ವರ್ಷ. ಸಾಮಾನ್ಯ ವಿಧಾನದಲ್ಲಿ ಕಳೆಯಲು ಹೋದರೆ ಒತ್ತಡ ಋಣವಾಗಿ ಓಟ ಮುರಿದುಬೀಳುತ್ತದೆ. ರಿಚರ್ಡ್ ಟೌನ್ಸೆಂಡ್ 2009ರಲ್ಲಿ ಕೊಟ್ಟ ನಿಖರ ಅನುಕಲನ ವಿಧಾನ ವಕ್ರರೇಖೆಯನ್ನು ಘಾತಗಳ ತುಂಡುಗಳಾಗಿ ಮಾಡಿ ಪ್ರತಿ ತುಂಡನ್ನೂ ಸೂತ್ರದಿಂದಲೇ ಬಿಡಿಸುವುದರಿಂದ ಎಷ್ಟು ದೊಡ್ಡ ಹೆಜ್ಜೆಗೂ ತಾಪಮಾನ ಋಣವಾಗುವುದಿಲ್ಲ. ತಾಪಮಾನ ಅದಕ್ಕಿಂತ ಕೆಳಗಿಳಿಯದಂತೆ ತಡೆಯುವ ನೆಲದ ಮಿತಿಯನ್ನು 10,000 ಡಿಗ್ರಿಗಿಡಿ. ಸುತ್ತಲಿನ ನೇರಳಾತೀತ ಬೆಳಕು ಹೊದಿಕೆಯ ಅನಿಲವನ್ನು ಆ ಮಟ್ಟದಲ್ಲಿಯೇ ಹಿಡಿದಿಡುವುದರಿಂದ ಈ ಮಿತಿಗೆ ಭೌತಿಕ ಆಧಾರವೂ ಇದೆ.

ಹಂತ 3: ಕಳೆದ ಶಾಖವನ್ನು ಹಿಂದಿರುಗಿಸಿ

ಬರಿಯ ತಣಿವಿದ್ದರೆ ಪೆಟ್ಟಿಗೆಯೆಲ್ಲ ತಣ್ಣಗಾಗಿ ಪ್ರಯೋಗ ಮುಗಿಯುತ್ತದೆ. ನಿಜವಾದ ಗ್ಯಾಲಕ್ಸಿಯಲ್ಲಿ ಸೂಪರ್‌ನೋವಾಗಳೂ ಕೇಂದ್ರದ ಕಪ್ಪುಕುಳಿಯೂ ಹೊದಿಕೆಗೆ ಶಕ್ತಿ ತುಂಬುತ್ತಿರುತ್ತವೆ. ಪೆಟ್ಟಿಗೆಯಲ್ಲಿ ಅದರ ಬದಲಿಗೆ ಪ್ರತಿ ಹೆಜ್ಜೆಯಲ್ಲೂ ಒಟ್ಟು ತಣಿವನ್ನು ಕೂಡಿ, ಅದರಿಂದ ಕಡೆತ ತುಂಬಿದ ಶಕ್ತಿಯನ್ನು ಕಳೆದು, ಉಳಿದದ್ದನ್ನು ಶಾಖವಾಗಿ ಹಂಚುತ್ತೇವೆ. ನಮ್ಮ ಪೆಟ್ಟಿಗೆಯಲ್ಲಿ ಘನ ಸೆಂಟಿಮೀಟರಿಗೆ ಸೆಕೆಂಡಿಗೆ ಆರಂಭದ ತಣಿವು ಸುಮಾರು 1.1×10⁻²⁹ ಅರ್ಗ್, ಕಡೆತ ತುಂಬುವುದು 7×10⁻³⁰. ಅಂದರೆ ಅರ್ಧಕ್ಕಿಂತ ಹೆಚ್ಚನ್ನು ಕಡೆತವೇ ತುಂಬಿಕೊಡುತ್ತದೆ.

ಉಳಿದ ಶಾಖವನ್ನು ಹೇಗೆ ಹಂಚಬೇಕು ಎಂಬುದರಲ್ಲಿ ನಾನು ಸರಿಯಾಗಿಯೇ ಎಡವಿದ್ದೇನೆ. ಮೊದಲ ಸಲ ಎಲ್ಲ ಕೋಶಗಳಿಗೂ ಸಮನಾಗಿ ಹಂಚಿ, ರಾತ್ರಿಯಿಡೀ ಓಡಲು ಬಿಟ್ಟು ಹೋಗಿದ್ದೆ. ಬೆಳಿಗ್ಗೆ ನೋಡಿದರೆ ಓಟ ಮುರಿದಿರಲಿಲ್ಲ, ಆದರೆ ಮುಂದೆಯೂ ಹೋಗಿರಲಿಲ್ಲ: 2 ಲಕ್ಷ ವರ್ಷವಿದ್ದ ಹೆಜ್ಜೆ ಸುಮಾರು 30,000 ವರ್ಷಕ್ಕೆ ಕುಸಿದಿತ್ತು. ತೆಳುವಾದ ಕೆಲವು ಕೋಶಗಳು ತಮ್ಮ ಪಾಲಿನ ಶಾಖವನ್ನು ಹೊರಸೂಸಲಾರದೆ 10 ಕೋಟಿ ಡಿಗ್ರಿಗೆ ಏರಿ ಕುಳಿತಿದ್ದವು, ಅಲ್ಲಿನ ಶಬ್ದದ ವೇಗ ಹತ್ತು ಪಟ್ಟಾಗಿತ್ತು, ಇಡೀ ಪೆಟ್ಟಿಗೆ ಆ ಬೆರಳೆಣಿಕೆಯ ಕೋಶಗಳ ತಾಳಕ್ಕೆ ನಡೆಯುತ್ತಿತ್ತು. ಶಾಖವನ್ನು ದ್ರವ್ಯರಾಶಿಗೆ ಅನುಗುಣವಾಗಿ, ಅಂದರೆ ಪ್ರತಿ ಗ್ರಾಮಿಗೂ ಒಂದೇ ಪ್ರಮಾಣದಲ್ಲಿ ಹಂಚಿದರೆ ಈ ತೊಂದರೆ ಬಹುಮಟ್ಟಿಗೆ ತಗ್ಗುತ್ತದೆ. ದಟ್ಟ ತುಣುಕುಗಳಿಗೆ ಹೆಚ್ಚು ಶಾಖ ಹೋದರೂ ಅವುಗಳ ತಣಿವು ಸಾಂದ್ರತೆಯ ವರ್ಗದಂತೆ ಏರುವುದರಿಂದ ಅವು ತಂಪಾಗಿಯೇ ಉಳಿಯುತ್ತವೆ. ಎರಡರಲ್ಲಿ ಯಾವುದೂ ಪ್ರಕೃತಿಯ ನಕಲಲ್ಲ. ಆದ್ದರಿಂದ ನಿಮ್ಮ ಫಲಿತಾಂಶವನ್ನು ಎರಡೂ ಬಗೆಯಲ್ಲಿ ಓಡಿಸಿ, ಬದಲಾಗದೆ ಉಳಿದದ್ದನ್ನು ಮಾತ್ರ ನೆಚ್ಚಿಕೊಳ್ಳಿ.

ಹಂತ 4: ಎರಡನ್ನೂ ಸೇರಿಸಿ

ತಣಿವಿಲ್ಲದ ಕಡೆತ ಒಂದು ಮಟ್ಟಕ್ಕೆ ಬಂದ ಸ್ಥಿತಿಯನ್ನು ಓಟವನ್ನು ಅಲ್ಲಿಂದಲೇ ಮುಂದುವರಿಸಬಲ್ಲ ರೀಸ್ಟಾರ್ಟ್ ಫೈಲಾಗಿ ಉಳಿಸಿಕೊಂಡು, ಅಲ್ಲಿಂದ ತಣಿವು ಮತ್ತು ಶಾಖ ಎರಡನ್ನೂ ಚಾಲೂ ಮಾಡಿ. ಬೀಜವಾಗಿ ಬೇರೆ ಏರಿಳಿತ ಹಾಕಬೇಕಾಗಿಲ್ಲ, ಸುಳಿಗಳೇ ಅದನ್ನು ಮಾಡಿಟ್ಟಿರುತ್ತವೆ. ಮಜ್ಜಿಗೆ ಕಡೆಯುವಾಗ ಬಹಳ ಹೊತ್ತು ಏನೂ ಕಾಣದೆ ಆಮೇಲೆ ಒಮ್ಮೆಲೇ ಬೆಣ್ಣೆ ತೇಲುವಂತೆ, ಇಲ್ಲಿಯೂ ತಾಪಮಾನದ ಹಂಚಿಕೆ ಮೊದಲು ಒಂದೇ ಗುಡ್ಡೆಯಾಗಿ ನಿಧಾನವಾಗಿ ಅಗಲವಾಗುತ್ತದೆ, ಬಳಿಕ ಅದರ ತಂಪು ಅಂಚು ಜಾರಿಬಿದ್ದು 10,000 ಡಿಗ್ರಿಯಲ್ಲಿ ಎರಡನೆಯ ಗುಡ್ಡೆಯೊಂದು ಏಳುತ್ತದೆ.

ಎರಡರ ನಡುವಿನ ಕಣಿವೆಯನ್ನು ಹತ್ತಿರದಿಂದ ನೋಡಿ. ಬಿಸಿ ಮತ್ತು ತಂಪು ಬೆರೆಯುವ ಪದರದ ತಾಪಮಾನ ಎರಡರ ಗುಣೋತ್ತರ ಸರಾಸರಿಯ ಸುತ್ತ ಇರುತ್ತದೆ. 10 ಲಕ್ಷ ಮತ್ತು 10,000ದ ಗುಣೋತ್ತರ ಸರಾಸರಿ 1 ಲಕ್ಷ, ಅದು ತಣಿವಿನ ವಕ್ರರೇಖೆಯ ತುತ್ತತುದಿಗೆ ತಾಗಿಕೊಂಡೇ ಇದೆ. ಅಲ್ಲಿನ ತಣಿಯುವ ಕಾಲ 57 ಕೋಟಿ ವರ್ಷವಲ್ಲ, ಸುಮಾರು 20 ಲಕ್ಷ ವರ್ಷ. ಹಾಗಾಗಿ ಸುಳಿಗಳು ತಂಪು ತುಣುಕಿನ ಮೈಯನ್ನು ಹರಿದು ಬಿಸಿಯೊಳಗೆ ಬೆರೆಸಿದಾಗ, ಬೆರೆತದ್ದು ಬಿಸಿಯಾಗುವ ಬದಲು ತಣಿದು ತುಣುಕಿಗೇ ಸೇರುತ್ತದೆ. ನಾಶ ಮಾಡಬೇಕಾದ ಕಡೆತವೇ ತುಣುಕನ್ನು ಬೆಳೆಸುತ್ತದೆ. ಇನ್ನೊಂದು ವಿಚಿತ್ರವೂ ಉಂಟು. 10,000 ಡಿಗ್ರಿಯ ಅನಿಲದಲ್ಲಿ ಶಬ್ದದ ವೇಗ ಸೆಕೆಂಡಿಗೆ 15 ಕಿಲೋಮೀಟರ್ ಮಾತ್ರವಾದ್ದರಿಂದ, ಬಿಸಿ ಅನಿಲದಲ್ಲಿ ಶಬ್ದದ ಅರ್ಧ ವೇಗದ ಸೌಮ್ಯ ಚಲನೆಯೇ ತಂಪಿನ ಅಳತೆಗೋಲಿನಲ್ಲಿ ಶಬ್ದಕ್ಕಿಂತ ಐದು ಪಟ್ಟಾಗುತ್ತದೆ.

ಹಂತ 5: ಕೋಶದ ಗಾತ್ರವನ್ನು ಅನುಮಾನಿಸಿ

ಚಿತ್ರ ಸುಂದರವಾಗಿ ಬಂದೊಡನೆ ನಂಬಬಾರದು. ಮ್ಯಾಕ್ಸ್ ಗ್ರೊಂಕೆ ಮತ್ತು ಪೆಂಗ್ ಓ 2018ರಲ್ಲಿ ತೋರಿಸಿದ ಮಾನದಂಡದ ಪ್ರಕಾರ, ಬೆರೆತ ಪದರ ತಣಿಯುವ ಕಾಲವು ತುಣುಕನ್ನು ಸುತ್ತ ಹರಿಯುವ ಬಿಸಿ ಅನಿಲದ ಗಾಳಿ ಪುಡಿಮಾಡುವ ಕಾಲಕ್ಕಿಂತ ಚಿಕ್ಕದಾಗಿದ್ದರೆ ತುಣುಕು ಬದುಕುತ್ತದೆ. ತಂಪು ಮತ್ತು ಬಿಸಿ ಅನಿಲದ ಸಾಂದ್ರತೆಯ ಅನುಪಾತ 100, ವೇಗ ಸೆಕೆಂಡಿಗೆ 75 ಕಿಲೋಮೀಟರ್ ಎಂದು ಹಾಕಿದರೆ ಬದುಕಿಗೆ ಬೇಕಾದ ತ್ರಿಜ್ಯ ಸುಮಾರು 15 ಪಾರ್ಸೆಕ್ ಬರುತ್ತದೆ. ನಮ್ಮ ಒಂದು ಕೋಶವೇ 156 ಪಾರ್ಸೆಕ್! ಎಂದರೆ ನಮ್ಮ ಪೆಟ್ಟಿಗೆ ಕಾಣಬಲ್ಲ ಅತಿ ಚಿಕ್ಕ ತುಣುಕು ಕೂಡ ಬದುಕುವ ಗಾತ್ರದ್ದೇ. ಸಾಯುವಷ್ಟು ಚಿಕ್ಕ ತುಣುಕುಗಳನ್ನು ಕೋಶದ ಮಸುಕು ಕೊಲ್ಲುತ್ತದೆಯೇ ಹೊರತು ಭೌತಶಾಸ್ತ್ರವಲ್ಲ. ತಂಪು ಅನಿಲ ತಣಿಯುತ್ತ ಒಡೆಯಬಹುದಾದ ಗಾತ್ರವಂತೂ ಈ ಸಾಂದ್ರತೆಯಲ್ಲಿ 1 ಪಾರ್ಸೆಕ್‌ನ ಆಸುಪಾಸಿನದು, ಅದನ್ನು ಹಿಡಿಯಲು ಪ್ರತಿ ಬದಿಗೆ 40,000 ಕೋಶ ಬೇಕು.

ಆದ್ದರಿಂದ 128, 256, 512 ಕೋಶಗಳಲ್ಲಿ ಅದೇ ಯಾದೃಚ್ಛಿಕ ಬೀಜದಿಂದ ಓಡಿಸಿ ಹೋಲಿಸಿ. ತಂಪು ಅನಿಲದ ಒಟ್ಟು ದ್ರವ್ಯರಾಶಿ ಸಾಮಾನ್ಯವಾಗಿ ಹತ್ತಿರಹತ್ತಿರ ನಿಲ್ಲುತ್ತದೆ, ಏಕೆಂದರೆ ಬೆರೆಯುವ ವೇಗವನ್ನು ನಿರ್ಧರಿಸುವುದು ದೊಡ್ಡ ಸುಳಿಗಳು. ತುಣುಕುಗಳ ಸಂಖ್ಯೆ ಮಾತ್ರ ಕೋಶ ಸಣ್ಣದಾದಂತೆಲ್ಲ ಏರುತ್ತಲೇ ಹೋಗುತ್ತದೆ. ಮೊದಲನೆಯದನ್ನು ವರದಿ ಮಾಡಿ, ಎರಡನೆಯದನ್ನು ಚಿತ್ರದ ಅಡಿಬರಹಕ್ಕೆ ಬಿಡಿ.

ಅಳತೆ, ಮತ್ತು ಬಿಟ್ಟುಹೋದದ್ದು

ಪ್ರತಿ 1 ಕೋಟಿ ವರ್ಷಕ್ಕೊಂದು ಫೈಲ್ ಉಳಿಸಿದರೆ 256ರ ಪೆಟ್ಟಿಗೆಗೆ ಪ್ರತಿಯೊಂದೂ ಸುಮಾರು 670 ಮೆಗಾಬೈಟ್, 200 ಫೈಲುಗಳಿಗೆ 134 ಗಿಗಾಬೈಟ್. ಡಿಸ್ಕ್ ತುಂಬಿ ಓಟ ನಿಂತದ್ದು ತಿಳಿಯುವುದು ಸಾಮಾನ್ಯವಾಗಿ ಸೋಮವಾರ ಬೆಳಿಗ್ಗೆ. ಪೈಥಾನ್‌ನಲ್ಲಿ ಮೊದಲು ಬರೆಯಬೇಕಾದದ್ದು ಸಾಂದ್ರತೆ–ತಾಪಮಾನದ ಎರಡಾಯಾಮದ ನಕ್ಷೆ. ಬಿಂದುಗಳು ಸಮ ಒತ್ತಡದ ಓರೆಗೆರೆಯ ಮೇಲೆ ಬಿದ್ದರೆ ತುಣುಕುಗಳು ಸುತ್ತಲಿನೊಡನೆ ಸಮತೋಲದಲ್ಲಿವೆ. 1 ಲಕ್ಷ ಡಿಗ್ರಿಯ ಬಳಿ ಗೆರೆಯಿಂದ ಕೆಳಗೆ ಜೋತುಬಿದ್ದರೆ ಅಲ್ಲಿ ಒತ್ತಡ ಕುಸಿದಿದೆ, ಅಂದರೆ ಆ ಪದರವನ್ನು ನಿಮ್ಮ ಕೋಶಗಳು ಹಿಡಿಯುತ್ತಿಲ್ಲ. ಅನಂತರ ಬಿಸಿ ಮತ್ತು ತಂಪಿಗೆ ಬೇರೆ ಬೇರೆಯಾಗಿ, ಎರಡು ಬಿಂದುಗಳ ನಡುವಿನ ವೇಗವ್ಯತ್ಯಾಸ ದೂರದೊಂದಿಗೆ ಹೇಗೆ ಬದಲಾಗುತ್ತದೆಂದು ಅಳೆಯಿರಿ. ಕೋಲ್ಮೊಗೊರೊವ್ 1941ರಲ್ಲಿ ಹೇಳಿದಂತೆ ಅದು ದೂರದ 1/3ನೆಯ ಘಾತವಾಗಿ ಏರಬೇಕು, ಆದರೆ 128 ಕೋಶದ ಸುಳಿಗೂ ಹತ್ತಿಪ್ಪತ್ತು ಕೋಶಗಳಲ್ಲಿ ಆರಂಭವಾಗುವ ಸಂಖ್ಯಾತ್ಮಕ ಸ್ನಿಗ್ಧತೆಗೂ (ಕೋಶಗಳ ಮಸುಕು ಸಣ್ಣ ಸುಳಿಗಳನ್ನು ಅಳಿಸುವುದಕ್ಕೂ) ನಡುವೆ ಗೆರೆ ಎಳೆಯಲು ಉಳಿಯುವ ಜಾಗ ಬಹಳ ಕಿರಿದು.

ಈ ಪೆಟ್ಟಿಗೆಯಲ್ಲಿ ಕಾಂತಕ್ಷೇತ್ರವಿಲ್ಲ, ಉಷ್ಣವಹನವೂ ಇಲ್ಲ. ವಹನದ ವಿಷಯದಲ್ಲಿ ಇದು ಸಣ್ಣ ಲೋಪವಲ್ಲ: ನಮ್ಮ ಬಿಸಿ ಅನಿಲದಲ್ಲಿ ವಹನ ತಣಿವನ್ನು ಸರಿಗಟ್ಟುವ ಉದ್ದ 2 ಕಿಲೋಪಾರ್ಸೆಕ್‌ಗಿಂತ ಹೆಚ್ಚು, ಹತ್ತಾರು ಕೋಶಗಳಷ್ಟು. ಕಾಂತರೇಖೆಗಳಿಗೆ ಅಡ್ಡಲಾಗಿ ಶಾಖ ಹರಿಯಲಾರದು ಎಂಬುದಷ್ಟೇ ಇದನ್ನು ಕೈಬಿಡಲು ಇರುವ ಸಮರ್ಥನೆ, ಆದ್ದರಿಂದ ಮುಂದಿನ ಸೇರ್ಪಡೆಯಲ್ಲಿ ಎರಡೂ ಒಟ್ಟಿಗೆ ಬರಬೇಕು. ಗುರುತ್ವವೂ ಇಲ್ಲಿಲ್ಲ. ಗುರುತ್ವವಿದ್ದರೆ ದಟ್ಟವಾದ ತುಣುಕು ತಣಿಯುವ ಮೊದಲೇ ಕೆಳಗೆ ಬೀಳಬಹುದು, ಆಗ ತಣಿಯುವ ಕಾಲಕ್ಕೂ ಬೀಳುವ ಕಾಲಕ್ಕೂ ಇರುವ ಅನುಪಾತ ಮೂರನೆಯ ಗಡಿಯಾರವಾಗುತ್ತದೆ. ಶರ್ಮಾ ಮತ್ತು ಸಹೋದ್ಯೋಗಿಗಳು 2012ರಲ್ಲಿ ಗೋಳಾಕಾರದ ಹೊದಿಕೆಗಳಲ್ಲಿ ಆ ಅನುಪಾತ 10ಕ್ಕಿಂತ ಕೆಳಗಿಳಿದಾಗ ತಂಪು ಅನಿಲ ಹುಟ್ಟುವುದನ್ನು ಕಂಡಿದ್ದರು. ಅದನ್ನು ಸೇರಿಸಬೇಕಾದರೆ ಲಂಬ ದಿಕ್ಕಿನ ಗೋಡೆಗಳ ಜೋಡಣೆಯನ್ನು ಬಿಚ್ಚಿ, ಮೇಲಿನಿಂದ ಕೆಳಕ್ಕೆ ಒತ್ತಡ ಏರುವಂತೆ ಆರಂಭದ ಸ್ಥಿತಿಯನ್ನು ಹೊಸದಾಗಿ ಬರೆದು, ಶಾಖವನ್ನು ಇಡೀ ಪೆಟ್ಟಿಗೆಗೆ ಒಟ್ಟಾಗಿ ಹಂಚುವ ಬದಲು ಪ್ರತಿ ಎತ್ತರದ ಪದರಕ್ಕೂ ಪ್ರತ್ಯೇಕವಾಗಿ ಸರಿದೂಗಿಸಬೇಕು.